ವಿಕಿರಣಕ್ಕೆ ಒಡ್ಡಿದ ಕೋಳಿಮಾಂಸವನ್ನು ಪತ್ತೆ ಹಚ್ಚಲು ಸಾಧ್ಯವೇ?

ಸಾಧ್ಯ, ಆದರೆ ಪ್ರಯೋಗಾಲಯದಲ್ಲಿ ಮಾತ್ರ. ಅದಕ್ಕೆ ಅತ್ಯುತ್ತಮ ಸಾಕ್ಷಿ ಮೂಳೆ. ಗಾಮಾ ಕಿರಣ ಹಾದುಹೋದ ಮಾಂಸ ವಿಕಿರಣಶೀಲವಾಗುವುದಿಲ್ಲವಾದ್ದರಿಂದ ವಿಕಿರಣ ಅಳೆಯುವ ಉಪಕರಣ ಹಿಡಿದರೆ ಏನೂ ತಿಳಿಯದು. ಹುಡುಕಬೇಕಾದದ್ದು ಕಿರಣಗಳನ್ನಲ್ಲ, ಅವು ಬಿಟ್ಟುಹೋದ ಗುರುತನ್ನು.

ಕಿರಣಗಳು ಅಣುಗಳಿಗೆ ಬಡಿದಾಗ ಜೋಡಿ ತಪ್ಪಿದ ಇಲೆಕ್ಟ್ರಾನುಳ್ಳ ತುಣುಕುಗಳು ಹುಟ್ಟುತ್ತವೆ. ನೀರಿನಂಶ ತುಂಬಿದ ಮಾಂಸದಲ್ಲಿ ಇವು ಬಹುಬೇಗ ಅಳಿದುಹೋಗುತ್ತವೆ. ಮೂಳೆಯ ಗಟ್ಟಿ ಖನಿಜದ ಹರಳುಗಳಲ್ಲಿ ಮಾತ್ರ ಸಿಕ್ಕಿಬಿದ್ದು, ಮಾಂಸ ಕೆಡುವ ಅವಧಿಯನ್ನೂ ಮೀರಿ ಉಳಿಯುತ್ತವೆ. ಆದ್ದರಿಂದ ಕಾಲಿನ ಮೂಳೆಯಿಂದ ಮಾಂಸ, ಮಜ್ಜೆಗಳನ್ನು ಕೆರೆದು ತೆಗೆದು, ಒಣಗಿಸಿ, ಅದರ ಚೂರನ್ನು ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸುತ್ತಾರೆ; ಜೋಡಿ ತಪ್ಪಿದ ಇಲೆಕ್ಟ್ರಾನುಗಳು ಅದನ್ನು ಹೀರಿಕೊಂಡದ್ದು ಉಪಕರಣದಲ್ಲಿ ಸಂಕೇತದ ಗೆರೆಯಾಗಿ ಮೂಡುತ್ತದೆ. ಯುರೋಪಿನ ಇಎನ್ 1786 ಮಾನದಂಡ ಹೇಳುವ ಈ ವಿಧಾನಕ್ಕೆ ಇಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂದು ಹೆಸರು. ವಿಕಿರಣ ತಾಗದ ಮೂಳೆಯೂ ಕ್ಷೀಣವಾದ, ಸಮಪಾರ್ಶ್ವದ ಸಂಕೇತವೊಂದನ್ನು ಕೊಡಬಹುದು. ತಾಗಿದ ಮೂಳೆಯದು ಪ್ರಬಲವೂ ಒಂದು ಬದಿಗೆ ವಾಲಿದಂತೆಯೂ ಇರುತ್ತದೆ. ಗೆರೆಯ ಈ ಆಕಾರವನ್ನು ಗಮನಿಸದೆ ತೀರ್ಪು ಕೊಡುವುದು ತಪ್ಪಾಗುತ್ತದೆ.

ಮೂಳೆಯಿಲ್ಲದ ಮಾಂಸವಾದರೆ ಕೊಬ್ಬನ್ನು ಬೇರ್ಪಡಿಸಿ, ಅದರಲ್ಲಿರುವ ಪಾಲ್ಮಿಟಿಕ್ ಆಮ್ಲ ವಿಕಿರಣದಿಂದ ಒಡೆದಾಗ ಉಂಟಾಗುವ 2-ಡೋಡೆಸೈಲ್‌ಸೈಕ್ಲೋಬ್ಯೂಟನೋನ್ ಎಂಬ ಸಂಯುಕ್ತವನ್ನು ಹುಡುಕುತ್ತಾರೆ. ಕೋಳಿಯನ್ನು ಬೇಯಿಸುವುದರಿಂದ ಈ ಸಂಯುಕ್ತ ಹುಟ್ಟುವುದಿಲ್ಲ.