ಹಪ್ಪಳದ ಗಿರಾಕಿಗಳಿಗೆ ಇಮೇಲ್

ಪ್ರಶ್ನೆ: ಬದಿಯಡ್ಕದಲ್ಲಿ ಮನೆಮಂದಿ ಸೇರಿ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಸಾವಿರಾರು ಇಮೇಲ್ ವಿಳಾಸಗಳ ಪಟ್ಟಿಯನ್ನು ಕ್ರಯಕ್ಕೆ ಕೊಡುತ್ತೇನೆಂದು ಒಬ್ಬರು ಹೇಳುತ್ತಾರೆ. ಕೊಳ್ಳಬಹುದೇ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ನಿಮ್ಮ ಹೆಸರನ್ನೇ ಕೇಳದವರು ನಿಮ್ಮ ಪತ್ರವನ್ನು ‘ಸ್ಪ್ಯಾಮ್’ (ಬೇಡದ ಪತ್ರ) ಎಂದು ಗುರುತಿಸುತ್ತಾ ಹೋದರೆ, ಮುಂದೆ ಖಾಯಂ ಗಿರಾಕಿಗಳಿಗೆ ಕಳುಹಿಸುವ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವಿದೆ. ಪಾರ್ಸೆಲ್ ತರಿಸಿಕೊಳ್ಳುವ ಬೆಂಗಳೂರು, ಮುಂಬಯಿಯ ನಮ್ಮೂರಿನವರನ್ನು ಕೇಳಿ, ಒಪ್ಪಿದವರ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳಿ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ ಸುಮಾರು 500 ಮಂದಿಗೆ ಕಳುಹಿಸಬಹುದು. ಮನೆ ಉದ್ಯಮಕ್ಕೆ ಅಷ್ಟು ಧಾರಾಳವಾಯಿತು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ‘ಬಿಸಿಸಿ’ (Bcc) ಎಂಬ ಸಾಲಿನಲ್ಲೇ ಹಾಕಿ. ವಿಷಯದ ಸಾಲಿನಲ್ಲಿ ‘ವಿಶೇಷ ಕೊಡುಗೆ’ ಎನ್ನುವುದಕ್ಕಿಂತ ‘ಈ ವರ್ಷದ ಹಲಸಿನ ಹಪ್ಪಳ ಒಣಗಿದೆ, ಮಳೆಗಾಲಕ್ಕೆ ಎಷ್ಟು ಕಟ್ಟು ಬೇಕು?’ ಎಂದು ಕೇಳಿದರೆ ತೆರೆದು ಓದುತ್ತಾರೆ. ಬೇಡವೆಂದವರ ಹೆಸರನ್ನು ಅಂದೇ ತೆಗೆದುಬಿಡಿ.