ಮಜ್ಜಿಗೆ ಅನ್ನ ತಿಂದರೂ ಹೊಟ್ಟೆ ಸರಿಯಾಗದಿದ್ದರೆ

ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಬೆಳಗಾದರೆ ಮೂರು ನಾಲ್ಕು ಸಲ ಕಕ್ಕಸಿಗೆ ಓಟ, ಸ್ಕೋಪಿ (ಕೊಳವೆ ಇಳಿಸಿ ಕರುಳು ನೋಡುವ ಪರೀಕ್ಷೆ) ಮಾಡಿಸಿದರೆ ಎಲ್ಲ ನಾರ್ಮಲ್, ಡಾಕ್ಟರು ‘ಐಬಿಎಸ್, ಟೆನ್ಷನ್ ಮಾಡ್ಬೇಡಿ’ ಅಂದು ಕಳಿಸಿದ್ದಾರೆ. ಐಬಿಎಸ್ ಅಂದರೆ ಇರಿಟೇಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಯಲ್ಲಿ ಏನೂ ಕಾಣದೆ ಕರುಳು ಕಾಡುವ ಕಾಯಿಲೆ. ಒಂದು ತಿಂಗಳಿಂದ ಮೂರು ಹೊತ್ತೂ ಮಜ್ಜಿಗೆ ಅನ್ನವೇ ತಿಂದರೂ ಕಡಿಮೆಯಿಲ್ಲ, ಇನ್ನು ಏನನ್ನು ಬಿಡಬೇಕು ಅಂತ ನೀವು ಕೇಳಿದ್ದೀರಿ.

ಮೊದಲು ಆ ಮಜ್ಜಿಗೆಯನ್ನೇ ಒಂದು ವಾರ ಬಿಟ್ಟು ನೋಡಿ.

ತಮಾಷೆಗೆ ಹೇಳಿದ್ದಲ್ಲ ಮಾರಾಯ್ರೆ. ನಾನು ಡಾಕ್ಟರಲ್ಲ, ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ಒಂಬತ್ತು ವರ್ಷದಿಂದ ಈ ಹೊಟ್ಟೆ ಕಟ್ಟಿಕೊಂಡು ಏಗುತ್ತಿದ್ದೇನೆ. ಮೊದಲ ಪೀರಿಯಡಿನಲ್ಲಿ ಹಾಜರಿ ಕರೆಯುವಾಗ ಹೊಟ್ಟೆ ಗುಡುಗುಡು ಅನ್ನುವುದು ಮುಂದಿನ ಬೆಂಚಿನ ಮಕ್ಕಳಿಗೆ ಕೇಳಿಸುತ್ತಿತ್ತು. ಒಬ್ಬ ಹುಡುಗ ಕಿಟಕಿಯಾಚೆ ಆಕಾಶ ನೋಡಿ ‘ಮಳೆ ಬರ್ತದಾ ಸಾರ್?’ ಅಂತ ಕೇಳಿದ್ದ. ಪಾಪ, ಅವನು ನಿಜವಾಗಿಯೇ ಕೇಳಿದ್ದು.

ಕಾಸರಗೋಡಿನವರಿಗೆ ಈ ಕಾಯಿಲೆಯಲ್ಲಿ ಇನ್ನೊಂದು ಉಪದ್ರ ಇದೆ, ಭಾಷೆಯದು. ಪೇಟೆಯ ಡಾಕ್ಟರು ‘ವಯರಿಳಕ್ಕಂ ಉಂಡೋ?’ (ಭೇದಿ ಇದೆಯಾ) ಅಂತ ಮಲಯಾಳದಲ್ಲಿ ಕೇಳಿದರೆ ‘ಉಂಡು’ ಅನ್ನಬಹುದು. ಆದರೆ ಹೋಗಿ ಬಂದರೂ ಹೋದ ಹಾಗೆ ಆಗದ್ದು, ಹೊಕ್ಕುಳಿನ ಕೆಳಗೆ ಹಿಂಡಿ ಹಿಂಡಿ ಬಂದು ಹೋದ ಮೇಲೆ ಸ್ವಲ್ಪ ಹಗುರಾಗುವುದು, ಇದನ್ನೆಲ್ಲ ಹೇಳುವಷ್ಟು ಮಲಯಾಳ ನನ್ನಲ್ಲಿ ಇರಲಿಲ್ಲ. ಕೊನೆಗೆ ಅವರೇ ಮೇಜಿನ ಗಾಜಿನಡಿಯಿಂದ ಒಂದು ಚಿತ್ರ ತೋರಿಸಿದರು. ಬ್ರಿಸ್ಟಲ್ ಚಾರ್ಟ್ ಅಂತ, ಮಲದ ಏಳು ನಮೂನೆ. ಆಡಿನ ಹಿಕ್ಕೆಯ ಹಾಗೆ ಗಟ್ಟಿ ಉಂಡೆಯಾದರೆ 1, ಬರೀ ನೀರಾದರೆ 7, ನಡುವಿನ 4 ಒಳ್ಳೆಯದು. ‘ಆರು, ಕೆಲವು ದಿನ ಏಳು’ ಅಂದೆ. ಅದಕ್ಕೆ ಯಾವ ಭಾಷೆಯೂ ಬೇಡ. ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಿಂದದ್ದು, ಎಷ್ಟು ಹೊತ್ತಿಗೆ ತಿಂದದ್ದು, ಆಮೇಲಿನ ನಂಬರು, ಅಂದಿನ ನಿದ್ದೆ, ಇಷ್ಟನ್ನು ಬರೆದಿಡುತ್ತಾ ಬಂದೆ. ನೀವೂ ಇವತ್ತೇ ಶುರು ಮಾಡಿ, ಮೂರು ವಾರ ಸಾಕು.

ಮಜ್ಜಿಗೆ ಸಿಕ್ಕಿಬಿದ್ದದ್ದು ಆ ನೋಟ್‌ಬುಕ್ಕಿನಲ್ಲೇ. ನಾನು ಖಾರ ಬಿಟ್ಟಿದ್ದೆ, ಉಪ್ಪಿನಕಾಯಿ ಬಿಟ್ಟಿದ್ದೆ, ‘ತಂಪು’ ಅಂತ ದಿನಕ್ಕೆ ನಾಲ್ಕು ಲೋಟ ಮಜ್ಜಿಗೆ ಕುಡಿಯುತ್ತಿದ್ದೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಹೆಪ್ಪಾಗುವಾಗ ಅದು ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾಲ್ಕು ಲೋಟದಲ್ಲಿ ಅದು ಸಾಕಷ್ಟಾಯಿತು. ನಮ್ಮ ಅಮ್ಮ ಇದನ್ನು ಇವತ್ತಿಗೂ ಒಪ್ಪಿಲ್ಲ. ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ, ‘ಊರ ದನದ ಹಾಲಲ್ಲಿ ಎಂತ ದೋಷ?’ ಅನ್ನುತ್ತಾರೆ. ದೋಷ ದನದ್ದಲ್ಲ. ಗಿಡ್ಡನಿರಲಿ ಜೆರ್ಸಿಯಿರಲಿ, ಹಾಲಿನಲ್ಲಿ ಲ್ಯಾಕ್ಟೋಸ್ ಇದ್ದೇ ಇರುತ್ತದೆ.

ಇಂಥ ಸಕ್ಕರೆಗಳಿಗೆಲ್ಲ ಸೇರಿಸಿ ಫಾಡ್‌ಮ್ಯಾಪ್ ಅನ್ನುತ್ತಾರೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಪಥ್ಯ ಇದರ ಮೇಲೆ ನಿಂತದ್ದು. ಸಣ್ಣ ಕರುಳಿನಲ್ಲಿ ಹೀರಿಕೊಳ್ಳದೆ ಉಳಿದ ಸಕ್ಕರೆ ನೀರನ್ನು ಎಳೆಯುತ್ತದೆ, ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾದ ಕೈಗೆ ಸಿಕ್ಕಿ ಹುಳಿತು ಗ್ಯಾಸಾಗುತ್ತದೆ. ಗ್ಯಾಸು ಎಲ್ಲರಿಗೂ ಆಗುತ್ತದೆ. ನಮ್ಮಂಥವರ ಕರುಳಿನ ನರ ಸ್ವಲ್ಪ ಜಾಸ್ತಿ ಚುರುಕು, ಪಕ್ಕದವನಿಗೆ ಗೊತ್ತೇ ಆಗದಷ್ಟು ಉಬ್ಬರ ನಮಗೆ ನೋವಾಗಿ ಬರುತ್ತದೆ. ಸ್ಕೋಪಿಯಲ್ಲಿ ಏನೂ ಕಾಣದ್ದು ಅದಕ್ಕೇ. ‘ಎಲ್ಲ ನಿನ್ನ ಮನಸ್ಸಿನದ್ದು’ ಅಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ನಮ್ಮ ಅಡುಗೆಯಲ್ಲಿ ಇವು ಎಲ್ಲೆಲ್ಲಿ ಕೂತಿವೆ ನೋಡಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಮೈದಾ (ಪೊರೋಟ, ಗೋಳಿಬಜೆ), ಕಡಲೆ, ಅಲಸಂಡೆ ಬೀಜ, ಹಾಲು, ಜೇನು, ಮಾವಿನ ಹಣ್ಣು. ಮದುವೆಯ ಹೋಳಿಗೆಯಂತೂ ಹೊರಗೆ ಮೈದಾ ಒಳಗೆ ಕಡಲೆಬೇಳೆ, ಮೇಲೆ ಹಾಲು ಬೇರೆ. ಅನ್ನ, ನೀರುದೋಸೆ, ಅಕ್ಕಿಯ ಸೇಮಿಗೆ, ಮುಳ್ಳುಸೌತೆ, ಕ್ಯಾರೆಟ್, ಮೊಟ್ಟೆ, ಮೀನು ಇವುಗಳ ತಂಟೆ ಇಲ್ಲ. ಅಕ್ಕಿ ತಿನ್ನುವ ಊರಿನಲ್ಲಿ ಹುಟ್ಟಿದ್ದು ನಮ್ಮ ಪುಣ್ಯ. ಕುಚ್ಚಲಕ್ಕಿ ಗಂಜಿಗೆ ಶುಂಠಿ ಚಟ್ನಿ ಹಾಕಿಕೊಂಡು ತಿಂದ ದಿನ ನನ್ನ ನಂಬರು 4ರಿಂದ ಅಲ್ಲಾಡಿದ್ದಿಲ್ಲ.

ಬೆಳ್ಳುಳ್ಳಿ ಇಲ್ಲದ ಕೊದ್ದೆಲು (ತೆಂಗಿನಕಾಯಿ ಅರೆದು ಹಾಕುವ ನಮ್ಮ ಸಾಂಬಾರು) ಗಂಟಲಲ್ಲಿ ಇಳಿಯದವರಿಗೆ ಒಂದು ಉಪಾಯ. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಫ್ರಕ್ಟಾನ್ ಅನ್ನುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ತೆಂಗಿನೆಣ್ಣೆಯಲ್ಲಿ ಎಸಳುಗಳನ್ನು ಕೆಂಪಗೆ ಹುರಿದು, ಎಸಳನ್ನು ಹೆಕ್ಕಿ ತೆಗೆದು, ಎಣ್ಣೆಯನ್ನು ಮಾತ್ರ ಪಾತ್ರೆಗೆ ಸುರಿಯಿರಿ. ಎಸಳು ಒಂದೂ ಕೊದ್ದೆಲಿಗೆ ಬೀಳಬಾರದು. ನಮ್ಮ ಮನೆಯಲ್ಲಿ ಆ ಎಸಳು ಮಗಳ ತಟ್ಟೆಗೆ ಹೋಗುತ್ತದೆ, ಅವಳಿಗೆ ಅದೇ ಲಾಭ. ಇಂಗು ಹಾಕಬಹುದು, ಆದರೆ ಡಬ್ಬಿಯ ಹಿಂದೆ ಓದಿ, ಹೆಚ್ಚಿನ ಇಂಗಿಗೆ ಮೈದಾ ಬೆರೆಸಿರುತ್ತಾರೆ.

ಈಗ ನಾನು ಮಾಡಿದ ಮೂರ್ಖತನ. ನಿಮ್ಮ ‘ಇನ್ನು ಏನನ್ನು ಬಿಡಬೇಕು’ ಅನ್ನುವ ಮಾತು ನೋಡಿಯೇ ಇಷ್ಟುದ್ದ ಬರೆಯಲು ಕೂತದ್ದು. ಫಾಡ್‌ಮ್ಯಾಪ್‌ಗಳನ್ನೆಲ್ಲ ಬಿಡುವ ಆ ಪಥ್ಯ ಎರಡರಿಂದ ಆರು ವಾರಕ್ಕೆ ಮಾತ್ರ. ನಾನು ಎಂಟು ತಿಂಗಳು ಮಾಡಿದೆ. ಹೊಟ್ಟೆ ಸುಮ್ಮನಿತ್ತಲ್ಲ, ಮುಟ್ಟಲು ಹೆದರಿಕೆ. ಬೇಳೆ ಬಿಟ್ಟೆ, ಹಣ್ಣು ಬಿಟ್ಟೆ, ನೆಂಟರ ಮನೆ ಬಿಟ್ಟೆ. ಏಳು ಕಿಲೋ ಇಳಿದೆ. ತೂಕ ಇಳಿಯುವುದು ಅಪಾಯದ ಲಕ್ಷಣ ಅಂತ ಡಾಕ್ಟರು ಗಾಬರಿಯಾಗಿ ಮಂಗಳೂರಿಗೆ ಬರೆದುಕೊಟ್ಟರು, ಅಲ್ಲಿ ಎರಡನೇ ಸಲ ಕೊಲೊನೋಸ್ಕೋಪಿ. ಎಲ್ಲ ಸರಿ ಇತ್ತು. ಅಲ್ಲಿನ ಡಯಟೀಶಿಯನ್ ನನ್ನ ನೋಟ್‌ಬುಕ್ ತಿರುವಿ ಹಾಕಿ, ‘ಮಾಸ್ಟ್ರೇ, ನಿಮಗೆ ಕಾಯಿಲೆ ಇಲ್ಲ, ನೀವು ಊಟ ಮಾಡ್ತಾ ಇಲ್ಲ’ ಅಂದರು. ಕೋಪ ಬಂತು. ಹೇಳಿದ್ದು ಸರಿಯಿತ್ತು.

ಅವರು ಕಲಿಸಿದ ಕ್ರಮ ಇದು. ಬಿಟ್ಟದ್ದನ್ನು ಒಂದೊಂದಾಗಿ ವಾಪಸು ತರಬೇಕು, ಎರಡನ್ನು ಒಟ್ಟಿಗೆ ತರಬಾರದು. ಮೊದಲ ದಿನ ಸ್ವಲ್ಪ, ಮರುದಿನ ಇನ್ನೊಂದಿಷ್ಟು, ಮೂರನೇ ದಿನ ಮಾಮೂಲಿನಷ್ಟು. ಹೊಟ್ಟೆ ಕೂಗಿದರೆ ಅಲ್ಲಿಗೇ ನಿಲ್ಲಿಸಿ ಎರಡು ಮೂರು ದಿನ ಬಿಟ್ಟು ಮುಂದಿನದಕ್ಕೆ ಹೋಗುವುದು. ಹೀಗೆ ನೋಡಿದಾಗ ನನಗೆ ಗೋಧಿ ಎರಡು ಚಪಾತಿವರೆಗೆ ಆಗುತ್ತದೆ. ಹೆಸರುಕಾಳು ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಿದರೆ ಆಗುತ್ತದೆ. ಗಟ್ಟಿ ಮೊಸರು ಎರಡು ಚಮಚ ಆಗುತ್ತದೆ. ಹಸಿ ಈರುಳ್ಳಿ ಯಾವ ಕಾಲಕ್ಕೂ ಆಗದು. ಎಂಟು ತಿಂಗಳು ಹೆದರಿ ಕೂತದ್ದರಲ್ಲಿ ಮುಕ್ಕಾಲು ಪಾಲಿಗೆ ಹೆದರಬೇಕಾಗಿಯೇ ಇರಲಿಲ್ಲ. ನಿಮ್ಮ ಪಟ್ಟಿ ಬೇರೆಯೇ ಇರುತ್ತದೆ, ನನ್ನದನ್ನು ನಕಲು ಮಾಡಬೇಡಿ.

ತಿನ್ನುವುದರ ಹೊರಗೆ ನನಗೆ ಹೆಚ್ಚು ಉಪಕಾರ ಮಾಡಿದ್ದು ಬೆಳಗಿನ ಹೊತ್ತು. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗ್ಗೆ ಇನ್ನೂ ಜಾಸ್ತಿ. ನಾನು ಎಂಟೂವರೆಗೆ ದೋಸೆ ತಿಂದು ಚಾ ಕುಡಿದು ಒಂಬತ್ತರ ಬಸ್ಸಿಗೆ ಓಡುತ್ತಿದ್ದೆ, ದಾರಿಯಲ್ಲಿ ಸಂಕಟ ಶುರು. ಈಗ ಐದೂವರೆಗೆ ಎದ್ದು ಏಳಕ್ಕೆ ತಿಂಡಿ ಮುಗಿಸುತ್ತೇನೆ, ಕರುಳಿಗೆ ಅದರ ಕೆಲಸ ಮಾಡಲು ಹತ್ತಿರ ಹತ್ತಿರ ಎರಡು ಗಂಟೆ ಸಿಗುತ್ತದೆ. ಚಾ ದಿನಕ್ಕೆ ಎರಡು, ಹಾಲಿಲ್ಲದ ಕಟ್ಟನ್ ಚಾಯ. ಸಂಜೆ ತೋಟಕ್ಕೆ ಒಂದು ಸುತ್ತು. ಮಂಗಳೂರಿಗೆ ಹೋಗುವುದಿದ್ದರೆ ಬಸ್ಸು ಬೇಡವೇ ಬೇಡ, ಕುಂಬಳೆಯಿಂದ ರೈಲು. ರೈಲಿನಲ್ಲಿ ಕಕ್ಕಸು ಇದೆ ಅಂತ ಗೊತ್ತಿದ್ದರೆ ಅದನ್ನು ಬಳಸುವ ಪ್ರಸಂಗವೇ ಬರುವುದಿಲ್ಲ, ಇದೊಂದು ವಿಚಿತ್ರ. ಇಸಬ್‌ಗೋಲ್ ಒಂದು ಚಮಚದಿಂದ ಶುರು ಮಾಡಬಹುದು, ನೀರು ಧಾರಾಳ ಕುಡಿಯಬೇಕು. ಫೈಬರ್ ಒಳ್ಳೆಯದು ಅಂತ ಗೋಧಿ ತೌಡು ತಿನ್ನಲು ಹೋಗಬೇಡಿ, ಉಬ್ಬರ ಹೆಚ್ಚಾದೀತು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ನಾನು ಬರೆದದ್ದನ್ನೆಲ್ಲ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೂ, ಗೋಧಿ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ (ಗೋಧಿಯ ಗ್ಲುಟೆನ್ ಸಣ್ಣ ಕರುಳನ್ನು ಕೆಡಿಸುವ ಕಾಯಿಲೆ) ರಕ್ತಪರೀಕ್ಷೆ ಆಗಿದೆಯಾ ಕೇಳಿ. ಬಿಟ್ಟ ಮೇಲೆ ಮಾಡಿಸಿದರೆ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ಮೊನ್ನೆ ಮನೆಯಲ್ಲಿ ಬಕ್ಕೆ ಹಲಸು ಕೊಯ್ದರು. ಜಗಲಿಯಲ್ಲಿ ಎಲ್ಲರೂ ಕೈಗೆ ಎಣ್ಣೆ ಸವರಿ ಸುತ್ತ ಕೂತಿದ್ದರು, ನಾನೂ ಕೂತೆ. ನನ್ನ ಲೆಕ್ಕ ನಾಲ್ಕು ಸೊಳೆ. ಐದನೆಯದನ್ನು ಅಮ್ಮ ಬಾಳೆಲೆಯ ತುದಿಯಲ್ಲಿಟ್ಟು ‘ಇದು ಸಣ್ಣದು’ ಅಂದರು. ತಿಂದೆ. ಮರುದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು 5.