ಗ್ರೂಪ್ ಬಿಟ್ರ ಏನರ ಮಿಸ್ ಆಗ್ತೈತೇನ್ರಿ?

ಪ್ರಶ್ನೆ: ನಮಸ್ಕಾರ್ರಿ. ನಮ್ಮೂರು ರೋಣ ತಾಲೂಕು, ಈಗ ಧಾರವಾಡ ಸಪ್ತಾಪುರದಾಗ ಪಿಜಿ ಒಳಗ ಇದ್ದು ಪಿಎಸ್‌ಐ, ಪಿಡಿಓ ಎಕ್ಸಾಮಿಗೆ ಓದಾಕತ್ತೀನಿ. ಪುಸ್ತಕ ತಗದು ಸ್ವಲ್ಪ ಹೊತ್ತಿಗೇ ಕೈ ಮೊಬೈಲಿಗೆ ಹೋಗ್ತೈತ್ರಿ, ಟೆಲಿಗ್ರಾಂನಾಗ ಯಾರರ ಹೊಸ ನೋಟ್ಸ್ ಹಾಕ್ಯಾರೇನೋ, ನೋಟಿಫಿಕೇಶನ್ ಬಂತೇನೋ ಅಂತ, ಅಲ್ಲಿಂದ ಹಂಗ ಇನ್‌ಸ್ಟಾಕ್ಕ ಹೋದ್ರ ಬೆಂಗಳೂರಿನ ಗೆಳ್ಯಾರು ಗೋವಾದಾಗ ಇರ್ತಾರ. ಡಿಲೀಟ್ ಮಾಡಿದೆ, ಮತ್ತ ಹಾಕ್ಕೊಂಡೆ. ಏನ್ ಮಾಡ್ಲಿ?
- ಹೆಸರು ಬ್ಯಾಡ್ರಿ, ಧಾರವಾಡ

ಉತ್ತರ: ಗೋವಾ ಆಮ್ಯಾಲ ನೋಡೂಣು, ನಿಮ್ಮ ಖರೇ ತ್ರಾಸು ಟೆಲಿಗ್ರಾಂ. ಯಾಕಂದ್ರ ಗೋವಾ ಫೋಟೋ ನೋಡೂ ಮುಂದ ಟೈಮ್ ಹಾಳಾಗಾಕತ್ತೈತಿ ಅಂತ ನಿಮಗ ಗೊತ್ತಿರ್ತೈತಿ, ಪಿಡಿಎಫ್ ಇಳಿಸೂ ಮುಂದ ಮಾತ್ರ ಓದಾಕತ್ತೀನಿ ಅಂತನ ಅನಸ್ತೈತಿ. ಇಳಿಸಿದ್ರಾಗ ಪೂರ್ತಿ ಓದಿದ್ದು ಎಷ್ಟು, ನೀವ ಹೇಳ್ರಿ. ನೋಟ್ಸ್ ಬೇಕಂತ ಇಳಿಸಾಂಗಿಲ್ಲ ನಾವು, ಎಲ್ಲಾರ ಹಂತ್ಯಾಕ ಐತಿ ನನ್ ಹಂತ್ಯಾಕ ಇಲ್ಲ ಅನ್ನೂ ಅಂಜಿಕಿಗೆ ಇಳಸ್ತೀವಿ.

ಈ ಅಂಜಿಕಿಗೆ ಫೋಮೋ (ಫಿಯರ್ ಆಫ್ ಮಿಸ್ಸಿಂಗ್ ಔಟ್, ಏನರ ಮಿಸ್ ಆಗ್ತೈತಿ ಅನ್ನೂ ಅಂಜಿಕಿ) ಅಂತಾರಲ್ಲ, ಆ ಶಬ್ದಾನ ಪ್ಯಾಟ್ರಿಕ್ ಮ್ಯಾಕ್‌ಗಿನಿಸ್ ಅನ್ನೂ ಹುಡುಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಪೇಪರಿನ್ಯಾಗ ಬರದಿದ್ದು 2004ರಾಗ, ಇನ್‌ಸ್ಟಾ ಬಂದಿದ್ದು 2010ಕ್ಕ. ಅಂದ್ರ ರೋಗ ಮೊದ್ಲಿಂದನೂ ಇತ್ತು, ಆ್ಯಪಿನವರು ಅದರ ಮ್ಯಾಲ ದಂಧೆ ಹಚ್ಚಿದ್ರು ಅಷ್ಟ. ಸ್ಟೋರಿ 24 ತಾಸಿಗೆ ಮಾಯ ಆಗ್ತೈತಿ ಅಂದ್ರ ಈಗ ನೋಡ್ಲಿಲ್ಲಂದ್ರ ಹೋತು ಅಂತ ನಾವು ಓಡಿ ಬರ್ಬೇಕು ನೋಡ್ರಿ.

ಡಿಲೀಟ್ ಮಾಡೂದು ಬ್ಯಾಡ. 2018ರಾಗ ಅಮೆರಿಕಾದ ಪೆನ್ಸಿಲ್ವೇನಿಯಾ ಯುನಿವರ್ಸಿಟಿಯವರು 143 ವಿದ್ಯಾರ್ಥಿಗಳ ಮ್ಯಾಲ ಮಾಡಿದ್ದ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾ, ಸ್ನ್ಯಾಪ್‌ಚಾಟ್ ದಿನಕ್ಕ ಹತ್ತ್‌ಹತ್ತು ನಿಮಿಷ ಅಷ್ಟ, ಇನ್ನೊಂದು ಗುಂಪು ಯಾವಾಗ್ಲೂ ನೋಡಿದಂಗ ನೋಡ್ಲಿ ಅಂತ. ಮೂರು ವಾರಕ್ಕ ಮೊದಲನೇ ಗುಂಪಿನವರಿಗೆ ಒಂಟಿತನ ಕಡಿಮಿ ಆತು, ಆದ್ರ ಈ ಮಿಸ್ ಆಗೂ ಅಂಜಿಕಿ ಎರಡೂ ಗುಂಪಿನ್ಯಾಗ ಇಳೀತು! ಎಷ್ಟು ನೋಡಾಕತ್ತೀವಿ ಅಂತ ತಮ್ಮ ಮ್ಯಾಲ ತಾವ ಕಣ್ಣಿಟ್ಟಿದ್ದಕ್ಕ ಹಂಗಾಗಿರಬೇಕು ಅಂತಾರ ಅವರು. ಹಂಗಾಗಿ ನೀವೂ ರಾತ್ರಿ ಮಲಗೂ ಮುಂದ ಸ್ಕ್ರೀನ್ ಟೈಮ್ ತಗದು ಅವತ್ತಿನ ಲೆಕ್ಕ ನೋಟ್‌ಬುಕ್ಕಿನ್ಯಾಗ ಪೆನ್ನಿಲೆ ಬರೀರಿ, ನಾಚಿಕಿ ಬಂದ್ರೂ ಬರೀರಿ.

ಗ್ರೂಪು ಎರಡು ಇಟ್ಕೊಂಡು ಉಳಿದಾವು ಮ್ಯೂಟ್. ಅರ್ಜಿ ಹಾಕಾಕ ವಾರಗಟ್ಟಲೆ ಟೈಮ್ ಕೊಟ್ಟಿರ್ತಾರ, ವಾರಕ್ಕ ಎರಡು ಸಲ ಪೊಲೀಸ್ ನೇಮಕಾತಿ, ಕೆಪಿಎಸ್‌ಸಿ, ಕೆಇಎ ವೆಬ್‌ಸೈಟ್ ನೋಡಿದ್ರ ಯಾವ್ದೂ ತಪ್ಪಂಗಿಲ್ಲ. ಗೋವಾದವರನ್ನೂ ಮ್ಯೂಟ್ ಮಾಡ್ರಿ, ಅವರಿಗೆ ಗೊತ್ತಾಗಂಗಿಲ್ಲ, ಅವರ ಪೈಕಿ ಖರೇ ದೋಸ್ತ ಯಾರು ಅವನಿಗೆ ಐತ್ವಾರ ಫೋನ್ ಹಚ್ಚಿ ಮಾತಾಡ್ರಿ. ಸಂಜಿಕೆ ಮೊಬೈಲ್ ರೂಮಿನ್ಯಾಗ ಬಿಟ್ಟು ಸಾಧನಕೇರಿ ಕಡೆ ಒಂದು ರೌಂಡ್ ಹೋಗ್ರಿ (ಗಿರ್ಮಿಟ್ ತಿಂದ್ರ ಫೋಟೋ ಹಾಕಾಕ ಬರಂಗಿಲ್ಲ, ಅದೂ ಛಲೋನ). ನಿದ್ದಿ, ಊಟನೂ ಬಿಟ್ಟಿದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕ ಫೋನ್ ಮಾಡ್ರಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ಧಾರವಾಡದಾಗ ಡಿಮ್ಹಾನ್ಸ್ ಅನ್ನೂ ಮಾನಸಿಕ ಆರೋಗ್ಯದ ಆಸ್ಪತ್ರೆನೂ ಐತಿ.

ಪ್ರಶ್ನೆ: ನೆಗೆಣ್ಣಿ ದಿನಾ ಸ್ಟೇಟಸ್‌ನಾಗ ಸೀರಿ, ಟ್ರಿಪ್ಪು ಹಾಕ್ತಾಳ್ರಿ, ನೋಡಿ ಹೊಟ್ಟಿ ಉರಿತೈತಿ, ನೋಡದ ಇರಾಕೂ ಆಗವಲ್ದು.
- ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ನೀವು ನೋಡಿದ್ದು ಅಕಿಗೆ ಕಾಣ್ತೈತಿ, ಅಕಿ ಹಾಕೂದ ಅದಕ್ಕ ಇದ್ರೂ ಇರಬಹುದು. ಸ್ಟೇಟಸ್ ಒತ್ತಿ ಹಿಡದು ಮ್ಯೂಟ್ ಮಾಡ್ರಿ. ಮುಂದಿನ ಹಬ್ಬಕ್ಕ ಸಿಕ್ಕಾಗ ಸೀರಿ ಹೆಂಗೂ ತೋರಿಸ್ತಾಳ, ಅವಾಗ ರೇಟ್ ಕೇಳ್ರಿ.